ಕೋಟೆಯ ಕಥೆ ಕೇಳಿದವರು

ಕಡಲತೀರದ ನಮ್ಮ ಸಣ್ಣ ಊರಿಗೆ ನಾನೇ ಗೈಡು. ಕೋಟೆ, ದೀಪಸ್ತಂಭ, ಹಳೆಯ ಬಂದರು ತೋರಿಸುತ್ತೇನೆ. ನಾನು ಇತಿಹಾಸ ಶುರುಮಾಡಿದರೆ ಎರಡನೇ ರಾಜನ ಹೊತ್ತಿಗೆ ಪ್ರವಾಸಿಗರು ಎಳನೀರಿನ ಅಂಗಡಿಯಲ್ಲಿರುತ್ತಾರೆ. ನಿನ್ನೆ ಬಂದ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ ಮಾತ್ರ ಕೊನೆಯ ಫಿರಂಗಿಯವರೆಗೂ ಕದಲದೆ ಕೇಳಿದರು.

"ಇಲ್ಲಿಗೆ ಮುಗೀತು ಮಾರಾಯ್ರೆ. ಇನ್ನು ಸೂರ್ಯಾಸ್ತ ನೋಡಿ," ಎಂದೆ.

"ಇನ್ನೊಮ್ಮೆ ಹೇಳ್ರಿ," ಎಂದ ಗಂಡ.

"ಮೊದಲಿಂದ ಹೇಳ್ರಿ," ಎಂದಳು ಹೆಂಡತಿ.

ಇಷ್ಟು ವರ್ಷಕ್ಕೆ ನನ್ನ ಪ್ರತಿಭೆ ಗುರುತಿಸುವವರು ಸಿಕ್ಕರೆಂದು ಎದೆ ಉಬ್ಬಿತು. ಗಂಟಲು ಸರಿಮಾಡಿಕೊಂಡು, "ಇತಿಹಾಸ ಅಂದ್ರೆ ನಿಮಗೆ ಅಷ್ಟು ಇಷ್ಟವಾ?" ಎಂದು ಕೇಳಿದೆ.

ಆಕೆ ಗಂಡನತ್ತ ನೋಡದೆ ಹೇಳಿದಳು, "ನೀವು ಸುಮ್ಮನಾದ್ರ ನಾವಿಬ್ಬರು ಮಾತಾಡಬೇಕಾಗತೈತಲ್ರಿ."