ಹೊಟ್ಟೆ ಕರಗಿಸುವ ಎರಡು ದಾರಿ

ಡಾಕ್ಟರ ಕೋಣೆಯ ಫ್ಯಾನಿನ ಗಾಳಿಗೆ ವಾರಿಜಾಳಿಗೆ ಜೊಂಪು ಹತ್ತುತ್ತಿತ್ತು. ಮೂರನೆಯ ಮಗಳು ರಾತ್ರಿಯಿಡೀ ಮಲಗಗೊಟ್ಟಿರಲಿಲ್ಲ. ಯಾರೂ ಏನೂ ಕೆಲಸ ಹೇಳದ ಜಾಗದಲ್ಲಿ ಹೀಗೆ ಸುಮ್ಮನೆ ಕೂತದ್ದೇ ಅವಳಿಗೊಂದು ಹಬ್ಬ. ಅವಳ ಹೊಟ್ಟೆಯ ವಿಷಯವನ್ನೆಲ್ಲ ಪಕ್ಕದಲ್ಲಿ ಕೂತ ಗಂಡನೇ ಹೇಳುತ್ತಿದ್ದ.

"ಮದುವೆ ಮುಂಜಿ ಅಂತ ಎಲ್ಲಿಗೆ ಕರ್ಕೊಂಡು ಹೋದ್ರೂ, ಏನಮ್ಮ ಮತ್ತೆ ವಿಶೇಷಾನಾ ಅಂತ ಕೇಳ್ತಾರೆ ಮೇಡಂ. ನನಗೆ ತಲೆ ಎತ್ತೋಕಾಗಲ್ಲ."

ಡಾಕ್ಟರು ವಾರಿಜಾಳ ಕಡೆಗೇ ತಿರುಗಿದರು. "ಎರಡು ದಾರಿ ಇದೆಯಮ್ಮ. ಒಂದು, ಸಣ್ಣ ತೂತು ಮಾಡಿ ಕೊಬ್ಬು ಹೀರಿ ತೆಗೆಯೋದು. ಬೇಗ ಎದ್ದು ಓಡಾಡಬಹುದು. ಇನ್ನೊಂದು ದೊಡ್ಡ ಆಪರೇಷನ್. ಜೋತುಬಿದ್ದ ಚರ್ಮ ಕತ್ತರಿಸಿ, ಒಳಗಿನ ಸ್ನಾಯು ಬಿಗಿಯಾಗಿ ಎಳೆದು ಹೊಲೀತೀವಿ. ನೋವು ಜಾಸ್ತಿ. ಒಂದೂವರೆ ತಿಂಗಳು ಭಾರ ಎತ್ತೋ ಹಾಗಿಲ್ಲ."

"ಮೊದಲನೇದೇ ಸಾಕು," ಅಂದ ಗಂಡ. "ಇವಳು ಮಲಗಿಬಿಟ್ರೆ ಮನೆ ಕೆಲಸ ಯಾರು ಮಾಡ್ತಾರೆ?"

ವಾರಿಜಾ ತಲೆಯಾಡಿಸಿದಳು. ಅವಳಿಗೆ ಎರಡೂ ಬೇಕಿರಲಿಲ್ಲ, ಒಂದು ಗಳಿಗೆ ನಿದ್ದೆ ಸಿಕ್ಕಿದ್ದರೆ ಸಾಕಿತ್ತು.

"ಇನ್ನೂ ಮಕ್ಕಳು ಬೇಕು ಅಂತಿದ್ರೂ ಅದೇ ಸರಿ," ಎಂದು ಡಾಕ್ಟರು ಪೆನ್ನು ಎತ್ತಿಕೊಂಡರು. "ದೊಡ್ಡದು ಮಾಡಿಸ್ಕೊಂಡ್ರೆ ಮತ್ತೆ ಬಸಿರಾಗಬಾರದು. ಹೊಲಿದಿದ್ದೆಲ್ಲ ಸಡಿಲ ಆಗಿಬಿಡುತ್ತೆ."

ವಾರಿಜಾಳ ಜೊಂಪು ಹಾರಿಹೋಯಿತು.

"ಬೇಕು ಮೇಡಂ, ಬೇಕು," ಗಂಡ ಹೇಳುತ್ತಲೇ ಇದ್ದ. "ಮೂರೂ ಹೆಣ್ಣೇ ಆಯ್ತು. ಗಂಡು ಆಗೋ ತನಕ ಬಿಡಬೇಡ ಅಂತ ನಮ್ಮಮ್ಮ ಹಟ ಹಿಡಿದು ಕೂತಿದ್ದಾರೆ."

ವಾರಿಜಾ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ದೊಡ್ಡದನ್ನೇ ಬರೀರಿ ಮೇಡಂ. ಯಾವತ್ತು ಬರಲಿ?"