ಅರ್ಧ ಗಂಟೆ

ಶುಗರ್ ಏರಿದೆ, ದಿನಾ ಬೆಳಿಗ್ಗೆ ಅರ್ಧ ಗಂಟೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ನಳಿನಿಯ ಗಂಡ ವಾಕಿಂಗ್ ಮಾಡಲು ಬೀದಿಯ ತುದಿಯಲ್ಲಿದ್ದ ಪಾರ್ಕಿಗೆ ತನ್ನ ಹೈಬ್ರಿಡ್ ಕಾರಿನಲ್ಲಿ ಹೋಗುತ್ತಿದ್ದ. ನಡೆಯುವುದಕ್ಕೂ ಕಾರು ಬೇಕಾದ ಈ ಮಹಾನುಭಾವನನ್ನು ನೋಡಿ ಅವಳು ದಿನಾ ಮೂತಿ ತಿರುವುತ್ತಿದ್ದಳು.

ಸರ್ವಿಸ್‌ಗೆ ಬಿಟ್ಟಿದ್ದ ಕಾರನ್ನು ತರಲು ಇಬ್ಬರೂ ಹೋದಾಗ ಮೆಕ್ಯಾನಿಕ್ ಹೇಳಿದ: "ಇಂಜಿನ್ ಆಯಿಲ್‌ಗೆ ಪೆಟ್ರೋಲ್ ಸೇರಿ ನೀರಾಗ್ಬಿಟ್ಟಿದೆ ಸರ್. ಬೀದಿ ತುದಿಗೆ ಹೋಗಿ ಬಂದ್ರೆ ಇಂಜಿನ್ ಬಿಸಿನೇ ಆಗಲ್ಲ, ಆ ಪೆಟ್ರೋಲ್ ಆವಿಯಾಗಿ ಹೋಗಲ್ಲ. ಅಷ್ಟು ಹತ್ರಕ್ಕೆ ಕಾರು ತೆಗೀಬೇಡಿ. ತೆಗೆದ್ರೆ ಅರ್ಧ ಗಂಟೆಯಾದ್ರೂ ಓಡ್ಸಿ."

ಶುಗರ್ ಏರಿದೆ ಎಂದಾಗ ತಲೆ ಕೆಡಿಸಿಕೊಳ್ಳದವನು ಈ ಮಾತಿಗೆ ಮುಖ ಸಣ್ಣದು ಮಾಡಿಕೊಂಡ. ಇನ್ನಾದರೂ ಇವನ ಕಾಲು ನೆಲಕ್ಕೆ ತಾಗೀತು ಎಂದುಕೊಂಡ ನಳಿನಿ, ರಾತ್ರಿಯೇ ಅವನ ವಾಕಿಂಗ್ ಬೂಟನ್ನು ಬಾಗಿಲ ಬಳಿ ತೆಗೆದಿಟ್ಟಳು.

ಬೆಳಿಗ್ಗೆ ಎದ್ದಾಗ ಬೂಟು ಅಲ್ಲೇ ಇತ್ತು, ಕಾರು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಗಂಡ ಚಪ್ಪಲಿ ಬಿಟ್ಟು, ಉಸ್ಸೆಂದು ಸೋಫಾದಲ್ಲಿ ಕೂತ.

"ರಿಂಗ್ ರೋಡಲ್ಲಿ ಅರ್ಧ ಗಂಟೆ ಸುತ್ತಿ ಬಂದೆ. ಕಾಫಿ ಕೊಡು."

"ನಿಮ್ಮ ವಾಕಿಂಗು?"

"ಅದಕ್ಕಿನ್ನೆಲ್ಲಿ ಟೈಮು? ಕಾರಿಂದು ಆಯ್ತಲ್ಲ."