ಹೊನ್ನಾವರಕ್ಕೆ ಒಂದು ದಿನ

“ಹೋಟ್ಲೂಟ ಎಂತಕ್ಕೆ? ಸ್ವರ್ಣ ಮಾಡತ್ತಲ್ದಾ,” ಎಂದರು ರಾಜೀವ ಶೆಟ್ಟರು, ಪೇಪರಿನಿಂದ ಕಣ್ಣೆತ್ತದೆ.

ಕಿರಿಮಂಜೇಶ್ವರದ ಆ ಮನೆಯ ಜಗಲಿಯಲ್ಲಿ ಅವರ ಹೆಂಡತಿ ಸರಸಕ್ಕ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕುಳಿತಿದ್ದರು. ಪಕ್ಕದಲ್ಲಿ ಮಗನ ಮಗಳು ಶರಣ್ಯಾ. ಕಾಲೇಜಿಗೆ ರಜೆ, ಭಾನುವಾರ ಅಜ್ಜಿಯನ್ನು ಹೊನ್ನಾವರಕ್ಕೆ ಕರೆದೊಯ್ಯುವ ಏರ್ಪಾಡು ಅವಳ ಮೊಬೈಲಿನಲ್ಲಿ ನಡೆದಿತ್ತು. ಬೈಂದೂರಿನಿಂದ ಬೆಳಗಿನ ರೈಲು, ದೋಣಿಯಲ್ಲಿ ಹೋಗಿ ನಡುಗಡ್ಡೆಯ ಹಳೆಯ ಕೋಟೆ ನೋಡುವುದು, ಆಮೇಲೆ ಅಳಿವೆಯ ಹತ್ತಿರ ಗಾಳಿಮರದ ನೆರಳಿನಲ್ಲಿ ಕಾಲು ಚಾಚಿ ಸುಮ್ಮನೆ ಕೂರುವುದು.

“ಕಡ್ಲ್ ಕಾಂಬುಕೆ ಅಷ್ಟ್ ದೂರ ಎಂತಕ್ಕೆ ಹೆಣ್ಣೇ? ತ್ರಾಸಿ ಸಾಕಲ್ದಾ?” ಎಂದು ಸರಸಕ್ಕ ಮೊದಲು ನಕ್ಕಿದ್ದರು. “ತ್ರಾಸಿಯಂಗೆ ಕೋಟೆ ಇತ್ತಾ ಅಜ್ಜಿ? ಒಂದ್ ದಿನ ನೀವ್ ಒಲೆ ಹತ್ರ ಹೋಪುಕಾಗ, ಅಷ್ಟೆ,” ಎಂದು ಮೊಮ್ಮಗಳು ಹಟ ಹಿಡಿದಾಗ ಒಪ್ಪಿದರು. ಉಳಿದಿದ್ದದ್ದು ಮಧ್ಯಾಹ್ನದ ಊಟ ಎಲ್ಲಿ ಎನ್ನುವ ಮಾತೊಂದೇ. ಕಣ್ಣು ಪೇಪರಿನಲ್ಲಿ, ಅರ್ಧ ಕಿವಿ ಇವರ ಮಾತಿನಲ್ಲಿ ಇಟ್ಟಿದ್ದ ಎಪ್ಪತ್ತೆರಡರ ಶೆಟ್ಟರ ಬಾಯಿಂದ ಆಗಲೇ ಆ ಹೆಸರು ಜಾರಿತು.

ಸ್ವರ್ಣ, ಅಂದರೆ ಸ್ವರ್ಣಲತಾ, ಈ ಮನೆಯ ಮಗಳು. ಬೋಟಿನ ಇಂಜಿನ್ ರಿಪೇರಿ ಮಾಡುವ ಬೇರೆ ಜಾತಿಯ ಹುಡುಗನೊಬ್ಬನ ಜೊತೆ ಅವಳು ಹೊರಟುಹೋದ ದಿನ ಶೆಟ್ಟರು ಇದೇ ಜಗಲಿಯಲ್ಲಿ ನಿಂತು, “ಇನ್ ಈ ಮನ್ಯಂಗೆ ಆ ಹೆಸ್ರ್ ಯಾರೂ ಎತ್ತುಕಾಗ,” ಎಂದಿದ್ದರು. ಇಪ್ಪತ್ತೆರಡು ವರ್ಷ ಸರಸಕ್ಕ ಎತ್ತಲಿಲ್ಲ. ಮಗಳು ಬೊಂಬಾಯಿಯಲ್ಲಿದ್ದಾಳೋ, ಬದುಕಿದ್ದಾಳೋ ಇಲ್ಲವೋ, ಅದೂ ಗೊತ್ತಿರಲಿಲ್ಲ. ಅಳು ತಡೆಯದಾದಾಗ ಬಚ್ಚಲಿಗೆ ಹೋಗಿ ಹಂಡೆಗೆ ನೀರು ಬಿಟ್ಟುಕೊಂಡು ಅತ್ತಿದ್ದರು. ಈಗ ಅದೇ ಹೆಸರು ಗಂಡನ ನಾಲಗೆಯ ಮೇಲೆ ಒಂದಿಷ್ಟೂ ತೊಡರಲಿಲ್ಲ. ಮೊನ್ನೆಯಷ್ಟೇ ಕರೆದ ಹೆಸರಿನ ಹಾಗೆ ಸಲೀಸಾಗಿ ಬಂತು.

“ಸ್ವರ್ಣ ಅಂದ್ರೆ ಯಾರ್ ಅಜ್ಜಯ್ಯ?” ಎಂದಳು ಶರಣ್ಯಾ.

ಪೇಪರು ಅಲುಗಲಿಲ್ಲ.

“ಪೇಪರ್ ಕೆಳಗಿಡಿ,” ಎಂದರು ಸರಸಕ್ಕ. ನಲವತ್ತೈದು ವರ್ಷದ ಸಂಸಾರದಲ್ಲಿ ಅವರು ಗಂಡನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಶೆಟ್ಟರು ಇಟ್ಟರು.

“ಯಾವಾಗಿಂದ?”

“ಅದ್ರ ಮೊದ್ಲ್ನೇ ಬಾಳಂತನದಿಂದ. ಆ ಹುಡ್ಗ ಗಂಗೊಳ್ಳಿ ಬಂದರಂಗೆ ಸಿಕ್ಕಿ ಹೇಳ್ದ. ಒಂದ್ ಸಲ ಕಂಡ್ಕಂಡ್ ಬಪ್ಪ ಅಂದೇಳಿ ಹೋದೆ. ಮತ್ತೆ... ತಿಂಗ್ಳಿಗೊಂದ್ ಸಲ.”

ತಿಂಗಳಿಗೊಂದು ಸಲ! ಮಂಡಿನೋವಿಗೆ ಭಟ್ಕಳದ ಪಂಡಿತರ ಎಣ್ಣೆ ತರುತ್ತೇನೆಂದು ಶೆಟ್ಟರು ಬಸ್ಸು ಹತ್ತುತ್ತಿದ್ದ ದಿನಗಳವು. ಹೋಗುವಾಗ ಇಸ್ತ್ರಿ ಅಂಗಿ ತೆಗೆದುಕೊಟ್ಟವರು, ಬಂದ ಮೇಲೆ ಕೂತು ಎಣ್ಣೆ ತಿಕ್ಕಿದವರು ಇದೇ ಸರಸಕ್ಕ. ಮಗಳು ಬದುಕಿದ್ದಾಳೆ, ಹೊನ್ನಾವರದಲ್ಲೇ, ಒಂದೂವರೆ ಗಂಟೆಯ ದಾರಿಯಲ್ಲಿದ್ದಾಳೆ ಎಂಬ ಸಂತೋಷ ಎದೆಯವರೆಗೆ ಬಂದು ಅಲ್ಲೇ ಸಿಕ್ಕಿಕೊಂಡಿತು.

“ಬಾಳಂತನಕ್ಕೆ ಹತ್ರ ಯಾರಿದ್ದಿರ್?”

“ಯಾರೂ ಇಲ್ಲ. ಪಕ್ಕದ್ಮನಿ ಹೆಂಗ್ಸ್ ಬಂದ್ ಬಿಸ್ನೀರಂಗೆ ಮೀಸ್ಕಂಡ್ ಹೋತಿತ್ತ್.”

“ನಂಗೆ ಎಂತಕ್ಕೆ ಹೇಳ್ಲಿಲ್ಲ?”

ಶೆಟ್ಟರು ಅಂಗಳದ ಕಡೆ ನೋಡಿದರು. “ಹೆಸ್ರ್ ಎತ್ತುಕಾಗ ಅಂದವ ನಾನೇ ಅಲ್ದಾ. ನಿನ್ನೆದ್ರಿಗೆ ನಾನೇ ಹ್ಯಾಂಗೆ ಎತ್ತುದ್? ಇವತ್ತ್ ಹೇಳ್ವ, ನಾಳೆ ಹೇಳ್ವ ಅಂದೇಳಿ ವರ್ಷ ಹೋಯ್ತ್.”

ಶರಣ್ಯಾ ಒಮ್ಮೆ ಅಜ್ಜನ ಮುಖ, ಒಮ್ಮೆ ಅಜ್ಜಿಯ ಮುಖ ನೋಡಿದಳು. ತನಗೊಬ್ಬಳು ಅತ್ತೆ ಇದ್ದಾಳೆಂದು ಅವಳಿಗೆ ಗೊತ್ತಾದದ್ದೇ ಈ ಗಳಿಗೆಯಲ್ಲಿ.

ಸರಸಕ್ಕನಿಗೆ ಕೇಳಬೇಕಾದದ್ದು ಇನ್ನೊಂದಿತ್ತು. ಕೇಳಲು ಹೆದರಿಕೆಯೂ ಆಯಿತು. “ನಮ್ಮಮ್ಮ ಎಂತಕ್ಕೆ ಬತ್ತಿಲ್ಲ ಅಂದೇಳಿ ಅದ್ ಕೇಣ್ಲಿಲ್ಯಾ?”

“ಕೇಂಡಿತ್.”

“ನೀವ್ ಎಂತ ಹೇಳ್ದ್ರಿ?”

ಶೆಟ್ಟರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಮತ್ತೆ ಒರೆಸಿದರು.

“ನಿಂಗೆ ಇನ್ನೂ ಸಿಟ್ಟ್ ಇಳಿಲಿಲ್ಲ ಅಂದೆ.”

ಸರಸಕ್ಕ ಕೈಯಲ್ಲಿದ್ದ ಬೀಜವನ್ನು ತಟ್ಟೆಗೆ ಹಾಕಿದರು. ಇಪ್ಪತ್ತೆರಡು ವರ್ಷ ತಾನು ಕಾದದ್ದೆಲ್ಲ ಅಲ್ಲಿ ತನ್ನ ಸಿಟ್ಟಾಗಿ ಹೋಗಿ ಕೂತಿತ್ತು. ತಟ್ಟೆ ಬದಿಗಿಟ್ಟು ಎದ್ದರು. ಗಂಡನ ಅಂಗಿಯ ಕಿಸೆಗೆ ತಾವೇ ಕೈಹಾಕಿ ಮೊಬೈಲು ತೆಗೆದು ಮೊಮ್ಮಗಳಿಗೆ ಕೊಟ್ಟರು.

“ಮಗ್ಳಿಗೆ ಫೋನ್ ಹಾಕ್.”

“ಎಂತ ಹೆಸ್ರ್ ಹಾಕಿ ಇಟ್ಟಿದ್ರಿ ಅಜ್ಜಯ್ಯ?”

“ಪಂಡಿತ್ರ್,” ಎಂದರು ಶೆಟ್ಟರು, ನೆಲ ನೋಡುತ್ತ.

ಶರಣ್ಯಾ ಆ ನಂಬರು ಒತ್ತಿ ಅಜ್ಜಿಯ ಕೈಗೆ ಕೊಟ್ಟಳು. ಎರಡೇ ರಿಂಗಿಗೆ ಆ ಕಡೆ ಎತ್ತಿದರು. “ಹಾಂ ಅಪ್ಪಯ್ಯ, ಚಾ ಆಯ್ತಾ?” ಮಗಳ ಹಳೆಯ ಸಪೂರ ಧ್ವನಿಯಲ್ಲ, ನಡುವಯಸ್ಸಿನ, ಕೆಲಸದ ನಡುವೆ ಓಡಿ ಬಂದ ಹೆಂಗಸಿನ ಧ್ವನಿ. ಸರಸಕ್ಕ ಮೊಬೈಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

“ನಂಗೆ ಸಿಟ್ಟಿಲ್ಲ ಮಗಾ,” ಎಂದರು. “ಯಾವತ್ತೂ ಇರ್ಲಿಲ್ಲ.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದಾಯಿತು. ಆಮೇಲೆ ಆ ಧ್ವನಿ ಗಾಬರಿಯಿಂದ ಕೇಳಿತು:

“ನೀವ್ ಯಾರ್ ಮಾತಾಡುದ್? ಅಪ್ಪಯ್ಯ ಎಲ್ಲಿ?”